ಬರವಣಿಗೆಯಿಂದಲೇ ದುಡಿಯಬೇಕೆ? ಮೊದಲು ಜೊತೆಗಾರರು, ಆಮೇಲೆ ಗಿರಾಕಿಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಬರಹಗಾರರು ಒಂದೇ ಮಾತು ಹೇಳುತ್ತಾರೆ: "ಬರೆಯೋಕೆ ಬರುತ್ತೆ, ಆದರೆ ಕೆಲಸ ನಿಲ್ಲುತ್ತಿಲ್ಲ. ಒಂದು ಸಿಗುತ್ತೆ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ." ಇವರಲ್ಲಿ ಹೆಚ್ಚಿನವರ ಬರವಣಿಗೆ ಚೆನ್ನಾಗಿಯೇ ಇದೆ. ಎಡವುವುದು ಕ್ರಮದಲ್ಲಿ. ಮೊದಲು ಗಿರಾಕಿ ಹುಡುಕುತ್ತಾರೆ. ಸಿಕ್ಕ ದರಕ್ಕೆ ಒಪ್ಪುತ್ತಾರೆ. ಒಬ್ಬರೇ ಬರೆದು, ಒಬ್ಬರೇ ತಿದ್ದಿ ಕಳಿಸುತ್ತಾರೆ. ದುಡ್ಡು ಬರದಿದ್ದರೆ ಯಾರನ್ನು ಕೇಳಬೇಕೋ ತಿಳಿಯದೆ ಸುಮ್ಮನಾಗುತ್ತಾರೆ.

ಇಲ್ಲಿ ಹೇಳುವ ಕ್ರಮವೇ ಬೇರೆ. ಮೊದಲು ನಾಲ್ಕೈದು ಬರಹಗಾರರ ಒಂದು ಸಣ್ಣ ಗುಂಪು. ಆಮೇಲೆ ಮಾದರಿ ಬರಹ, ಆಮೇಲೆ ದರ, ಅದಾದ ಮೇಲೆ ಗಿರಾಕಿ. ಹಂತಗಳನ್ನು ಹಾರಿಸಬೇಡಿ.

## ಶುರು ಮಾಡುವ ಮೊದಲು ಬೇಕಾದದ್ದು

ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡಲು ಬರಲೇಬೇಕು. ಯೂನಿಕೋಡ್ ಎಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿ. ಮೊದಲ ಕರಡನ್ನು ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೂ ನಡೆಯುತ್ತದೆ. ಆದರೆ ತಿದ್ದುವ ಕೆಲಸಕ್ಕೆ ಕೀಬೋರ್ಡ್ ಬೇಕು, ದೊಡ್ಡ ಪರದೆ ಬೇಕು. ಹಳೆಯದಾದರೂ ಒಂದು ಲ್ಯಾಪ್‌ಟಾಪ್ ಇಟ್ಟುಕೊಳ್ಳಿ.

ಕೆಲಸಕ್ಕೆಂದೇ ಒಂದು ಇ-ಮೇಲ್, ಪ್ಯಾನ್ ಕಾರ್ಡ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇರಲಿ. ಯಾವ ಕೆಲಸ, ಯಾರದ್ದು, ಯಾವತ್ತು ಕೊಟ್ಟಿರಿ, ದುಡ್ಡು ಬಂತೇ ಎಂದು ಬರೆದಿಡಲು ಒಂದು ಶೀಟ್ ಅಥವಾ ನೋಟ್‌ಬುಕ್ ಬೇಕು.

ನಮ್ಮ ಊರುಗಳಲ್ಲಿ ಜಾಸ್ತಿ ಆಗುವ ಎಡವಟ್ಟು ಫಾಂಟಿನದು. ಹಲವು ಪ್ರೆಸ್, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲೇ ಪುಟ ಕಟ್ಟುತ್ತಾರೆ. ನೀವು ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಅವರು ಬದಲಾಯಿಸುವಾಗ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತಕ್ಷರ ಒಡೆಯುತ್ತದೆ. ಆದ್ದರಿಂದ ಬರಹದ ಜೊತೆ ಒಂದು ಪಿಡಿಎಫ್ ಕೂಡ ಕಳಿಸಿ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ತೋರಿಸಿ ಎಂದು ಮೊದಲೇ ಹೇಳಿ. ಅಚ್ಚಾದ ಹ್ಯಾಂಡ್‌ಬಿಲ್‌ನಲ್ಲಿ ತಪ್ಪಿದ್ದರೆ ಗಿರಾಕಿ ಬೈಯುವುದು ನಿಮ್ಮನ್ನೇ.

## ಹಂತ 1: ನಾಲ್ಕೈದು ಜೊತೆಗಾರರನ್ನು ಹುಡುಕಿ

ನಾಲ್ಕು ಜನ ಸಾಕು, ಆರು ಜನ ಗರಿಷ್ಠ. ಇಪ್ಪತ್ತು ಜನರ ವಾಟ್ಸಾಪ್ ಗುಂಪು ಬೇಡ. ಅಲ್ಲಿ ಶುಭೋದಯದ ಚಿತ್ರ ಓಡಾಡುತ್ತವೆ, ಕರಡು ಓದುವವರು ಇರುವುದಿಲ್ಲ.

ಎಲ್ಲರೂ ಕಥೆ, ಕವಿತೆ ಬರೆಯುವವರೇ ಆದರೆ ಗುಂಪಿಗೆ ಕೆಲಸ ಸಿಗುವುದು ಕಷ್ಟ. ಬೇರೆ ಬೇರೆ ಕೈ ಬೇಕು. ಒಬ್ಬರಿಗೆ ಡಿಟಿಪಿ ಗೊತ್ತಿರಲಿ. ಒಬ್ಬರು ಇಂಗ್ಲಿಷಿನಿಂದ ಚೆನ್ನಾಗಿ ಅನುವಾದ ಮಾಡಲಿ. ಬೆಳಗಾವಿಯಲ್ಲಾದರೆ ಮರಾಠಿ ಓದಿ ಬರೆಯಬಲ್ಲ ಒಬ್ಬರು ಇರಲೇಬೇಕು. ಅಲ್ಲಿನ ಎಷ್ಟೋ ಅಂಗಡಿಯವರು ಕನ್ನಡ, ಮರಾಠಿ ಎರಡರಲ್ಲೂ ಬರೆದುಕೊಡಿ ಎನ್ನುತ್ತಾರೆ. ಒಬ್ಬಂಟಿ ಬರಹಗಾರ ಅಲ್ಲೇ ಕೈಚೆಲ್ಲುತ್ತಾನೆ. ಗುಂಪಿದ್ದರೆ "ಆಯ್ತ್ರಿ, ಎರಡೂ ಕೊಡ್ತೀವಿ" ಎನ್ನಬಹುದು.

ಎಲ್ಲಿ ಹುಡುಕುವುದು? ತಾಲೂಕು ಮಟ್ಟದ ಪತ್ರಿಕೆಗಳಿಗೆ ಬರೆಯುವವರು, ಡಿಟಿಪಿ ಅಂಗಡಿಯಲ್ಲಿ ಕೂತು ಊರಿನವರ ತಪ್ಪು ತಿದ್ದುವವರು, ಸಂಜೆ ಬಿಡುವಿರುವ ಶಾಲಾ ಶಿಕ್ಷಕರು, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ಹೆಣ್ಣುಮಕ್ಕಳು, ಆಕಾಶವಾಣಿಗೆ ಸ್ಕ್ರಿಪ್ಟ್ ಬರೆದವರು. ಜಿಲ್ಲಾ ಗ್ರಂಥಾಲಯ, ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮಗಳಲ್ಲೂ ಸಿಗುತ್ತಾರೆ. ವೇದಿಕೆ ಮೇಲಿನವರನ್ನು ಬಿಡಿ. ಹಿಂದಿನ ಸಾಲಿನಲ್ಲಿ ಕೂತು ಪುಸ್ತಕ ಓದುವವರನ್ನು ಮಾತಾಡಿಸಿ.

"ಗುಂಪು ಕಟ್ಟೋಣ" ಎಂದು ಶುರು ಮಾಡಬೇಡಿ. "ನನ್ನ ಎರಡು ಪುಟ ಓದಿ ಹೇಳ್ತೀರಾ? ನಿಮ್ಮದನ್ನ ನಾನು ಓದ್ತೀನಿ" ಎಂದು ಕೇಳಿ. ಹೀಗೆ ಎರಡು ಸಲ ನಡೆಯಲಿ. ಹೇಳಿದ ದಿನ ಓದಿ ಕಳಿಸಿದವರನ್ನು ಮಾತ್ರ ಜೊತೆಗೆ ಸೇರಿಸಿಕೊಳ್ಳಿ. ಎಷ್ಟೇ ಪ್ರತಿಭೆ ಇದ್ದರೂ ಹೇಳಿದ ದಿನಕ್ಕೆ ಕೊಡದವರು ಮುಂದೆ ಗಿರಾಕಿಯ ಮುಂದೆ ನಿಮ್ಮ ಮಾತು ಉಳಿಸುವುದಿಲ್ಲ.

ತಿಂಗಳಿಗೊಮ್ಮೆಯಾದರೂ ಎದುರುಬದುರು ಕೂರಿ. ಮೂರೂ ಜಿಲ್ಲೆಯವರು ಇದ್ದರೆ ಜಮಖಂಡಿ ನಡುವೆ ಬೀಳುತ್ತದೆ. ಉಳಿದದ್ದು ಫೋನಿನಲ್ಲಿ ಸಾಗುತ್ತದೆ.

## ಹಂತ 2: ಓದಿ ತಿದ್ದುವ ಪದ್ಧತಿ ಹಾಕಿಕೊಳ್ಳಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಗುಂಪುಗಳು ಮುರಿಯುವುದೂ ಇಲ್ಲೇ. ಕರಡು ಹಾಕಿದ ಕೂಡಲೇ "ಮಸ್ತ್ ಬರದೀರಿ" ಎಂದು ನಾಲ್ಕು ಉತ್ತರ ಬರುತ್ತವೆ. ಬರೆದವರಿಗೆ ಖುಷಿ ಆಗುತ್ತದೆ, ಬರಹ ಇದ್ದಲ್ಲೇ ಇರುತ್ತದೆ.

ನಿಯಮ ಹೀಗಿರಲಿ. ವಾರಕ್ಕೆ ಒಂದು ದಿನ ಗೊತ್ತು ಮಾಡಿ. ಒಬ್ಬರು 800 ಪದ ಮೀರದ ಕರಡು ಕಳಿಸಬೇಕು. ಅದರ ಮೇಲೆ ಎರಡು ಸಾಲು ಬರೆಯಬೇಕು: ಇದನ್ನು ಯಾರು ಓದುತ್ತಾರೆ, ನನಗೆ ಎಲ್ಲಿ ಅನುಮಾನ ಇದೆ. ಓದಿದವರು ಮೂರೇ ವಿಷಯ ಗುರುತು ಮಾಡಬೇಕು. ಎಲ್ಲಿ ಓದು ನಿಂತಿತು? ಯಾವ ಮಾತು ನಂಬಲಾಗಲಿಲ್ಲ? ಯಾವ ಸಾಲು ತೆಗೆದರೂ ನಷ್ಟವಿಲ್ಲ? ಬರೆದವರು ಅವತ್ತು ವಾದ ಮಾಡುವಂತಿಲ್ಲ. ಬರೆದುಕೊಂಡು, ಮರುದಿನ ನೋಡಿ, ಬೇಕಾದ್ದು ತೆಗೆದುಕೊಳ್ಳಬೇಕು.

ಒಂದು ಉದಾಹರಣೆ ನೋಡಿ. ಒಣದ್ರಾಕ್ಷಿ ಮಾರುವವರೊಬ್ಬರಿಗೆ ಬರೆದ ಸಾಲು ಅಂದುಕೊಳ್ಳಿ:

"ನಮ್ಮ ಸಂಸ್ಥೆಯು ಗುಣಮಟ್ಟದ ಒಣದ್ರಾಕ್ಷಿಯನ್ನು ಗ್ರಾಹಕರಿಗೆ ಒದಗಿಸುವಲ್ಲಿ ಮುಂಚೂಣಿಯಲ್ಲಿದೆ."

ಓದಿದವರು "ಇದನ್ನು ಸಿಮೆಂಟ್ ಮಾರುವವರೂ ಹೇಳಬಹುದು" ಎಂದು ಗುರುತು ಹಾಕಿದರು. ತಿದ್ದಿದ ಮೇಲೆ:

"ತಿಕೋಟಾದ ನಮ್ಮ ತೋಟದಲ್ಲೇ ಬೆಳೆದು, ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಒಣಗಿಸಿದ ದ್ರಾಕ್ಷಿ. ತೊಟ್ಟು ತೆಗೆದು, ಗಾತ್ರ ನೋಡಿ ಬೇರೆ ಮಾಡಿ ಪ್ಯಾಕ್ ಮಾಡಿದ್ದು."

ಎರಡನೆಯದಕ್ಕೆ ದುಡ್ಡು ಸಿಗುತ್ತದೆ. ಮೊದಲನೆಯದನ್ನು ಗಿರಾಕಿ ತಾನೇ ಬರೆದುಕೊಳ್ಳುತ್ತಾನೆ.

ಇನ್ನೊಂದು ಅಭ್ಯಾಸ. ಕಳಿಸುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಲಿ, ಬರೆದವರು ಕೇಳಲಿ. ಓದುವವರು ತಡವರಿಸಿದ ಜಾಗದಲ್ಲೆಲ್ಲ ವಾಕ್ಯ ಮುರಿಯಿರಿ. ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡ ಹೊದಿಸಿದ ಅನುವಾದಗಳು ಈ ಪರೀಕ್ಷೆಯಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ.

## ಹಂತ 3: ನಿಮ್ಮ ಊರಿನ ಒಂದು ವಿಷಯ ಹಿಡಿದು ಮಾದರಿ ಬರೆಯಿರಿ

"ಯಾವ ವಿಷಯ ಕೊಟ್ಟರೂ ಬರೆಯುತ್ತೇನೆ" ಎನ್ನುವವರಿಗೆ ಯಾರೂ ಒಳ್ಳೆಯ ದರ ಕೊಡುವುದಿಲ್ಲ. ಗುಂಪಿನ ಪ್ರತಿಯೊಬ್ಬರೂ ಒಂದೊಂದು ವಿಷಯ ಹಿಡಿಯಲಿ. ಮನೆ ಬಾಗಿಲಲ್ಲೇ ಎಷ್ಟು ಇದೆ ನೋಡಿ: ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು, ಶಹಾಪುರದ ಸೀರೆ ನೇಕಾರಿಕೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ರಬಕವಿ-ಬನಹಟ್ಟಿಯ ಮಗ್ಗಗಳು, ಗೋಕಾಕ ಮತ್ತು ಅಮೀನಗಡದ ಕರದಂಟು, ಇಂಡಿ ತಾಲೂಕಿನ ಲಿಂಬೆ, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳು, ಬಾದಾಮಿ-ಪಟ್ಟದಕಲ್ಲಿಗೆ ಬರುವ ಪ್ರವಾಸಿಗರು. ಆಸ್ಪತ್ರೆ, ಶಾಲೆ, ಕಾಲೇಜುಗಳಂತೂ ಎಲ್ಲ ಊರಲ್ಲೂ ಇವೆ.

ಹಿಡಿದ ಮೇಲೆ ಆಳಕ್ಕೆ ಹೋಗಿ. ಇಳಕಲ್ ಸೀರೆ ಬಗ್ಗೆ ಬರೆಯುವವರಿಗೆ ಮೈಯ ಹಾಸು ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವುದು ಹೇಗೆ ಎಂದು ಗೊತ್ತಿರಬೇಕು. ಟೋಪ ತೆನೆ ಸೆರಗು ಯಾವುದು ಎಂದು ಕಣ್ಣಲ್ಲಿ ಗುರುತಿಸಲು ಬರಬೇಕು. ನೇಕಾರರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಕೇಳಿ. ಅವರು ಬಳಸುವ ಮಾತನ್ನೇ ಬರೆದುಕೊಳ್ಳಿ. ಬೆಂಗಳೂರಿನ ಏಜೆನ್ಸಿಯಲ್ಲಿ ಕೂತವರಿಗೆ ಸಿಗದ ಬಂಡವಾಳ ಇದು.

ಮೂರು ಮಾದರಿ ತಯಾರಿರಲಿ: ಒಂದು ಮಾಹಿತಿ ಲೇಖನ, ಒಂದು ಮಾರಾಟದ ಬರಹ, ಒಂದು ಪುಟದ ಅನುವಾದ. ಮೂರನ್ನೂ ಗುಂಪಿನಲ್ಲಿ ತಿದ್ದಿಸಿ. ನಿಜವಾದ ಅಂಗಡಿಯ ಹೆಸರು ಹಾಕಿ ಅವರಿಗೆ ಕೆಲಸ ಮಾಡಿಕೊಟ್ಟಂತೆ ತೋರಿಸಬೇಡಿ. ಮೇಲೆ "ಮಾದರಿ" ಎಂದು ಬರೆಯಿರಿ.

ಇನ್ನೊಂದು ದಾರಿ ಗಮನಿಸಿ. ರಾಜ್ಯದಲ್ಲಿ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿ ಇರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿ ಆಗಿದೆ. ಬೋರ್ಡ್ ಬರೆಸುವವರಿಗೆ ಸರಿಯಾದ ಕನ್ನಡ ಬರೆದುಕೊಡುವವರು ಬೇಕು. ಸಣ್ಣ ಕೆಲಸವೇ, ಆದರೆ ಅಂಗಡಿಯ ಬಾಗಿಲು ತೆರೆಯುತ್ತದೆ. ಬೋರ್ಡಿನ ನಂತರ ಹ್ಯಾಂಡ್‌ಬಿಲ್, ಆಮೇಲೆ ಇನ್‌ಸ್ಟಾಗ್ರಾಂ ಬರಹ ಬರುತ್ತದೆ.

## ಹಂತ 4: ದರವನ್ನು ಲೆಕ್ಕ ಹಾಕಿ ಕಟ್ಟಿ

ಅಂದಾಜಿನಲ್ಲಿ ದರ ಹೇಳುವವರು ಯಾವಾಗಲೂ ಕಡಿಮೆ ಹೇಳುತ್ತಾರೆ. ಲೆಕ್ಕ ಮಾಡಿ. ತಿಂಗಳಿಗೆ ನಿಮಗೆ 24,000 ರೂಪಾಯಿ ಬೇಕು ಅಂದುಕೊಳ್ಳಿ. ಫೋನು, ಓಡಾಟ, ಕೆಲಸ ಕೇಳುವುದು, ಬಿಲ್ ಮಾಡುವುದು ಎಲ್ಲ ಕಳೆದು ದುಡ್ಡು ತರುವ ಗಂಟೆಗಳು ತಿಂಗಳಿಗೆ 80 ಮಾತ್ರ ಉಳಿಯುತ್ತವೆ ಅಂದುಕೊಳ್ಳಿ. ಗಂಟೆಗೆ 300 ಆಯಿತು. ಒಂದು ಬರಹಕ್ಕೆ ಮಾತುಕತೆ, ಬರೆಯುವುದು, ತಿದ್ದುವುದು ಸೇರಿ 5 ಗಂಟೆ ಹಿಡಿದರೆ 1,500ಕ್ಕಿಂತ ಕೆಳಗೆ ನಿಮಗೆ ನಷ್ಟ. ಈ ಅಂಕಿ ಲೆಕ್ಕ ತೋರಿಸಲು ಅಷ್ಟೇ. ನಿಮ್ಮ ಅಂಕಿ ಹಾಕಿ ನೋಡಿ.

ಈ ಲೆಕ್ಕವನ್ನು ಗುಂಪಿನಲ್ಲಿ ಬಿಚ್ಚಿಡಿ. ಯಾರು ಯಾರಿಂದ ಎಷ್ಟು ಪಡೆದರು, ಎಷ್ಟು ದಿನಕ್ಕೆ ಬಂತು, ಎಷ್ಟು ಸಲ ತಿದ್ದಿಸಿದರು ಎಂದು ಒಂದೇ ಶೀಟಿನಲ್ಲಿ ಬರೆಯಿರಿ. ದುಡ್ಡಿನ ಮಾತು ಆಡಲು ನಮ್ಮ ಕಡೆ ಸಂಕೋಚ ಜಾಸ್ತಿ. ಆ ಸಂಕೋಚದಿಂದ ಲಾಭ ಆಗುವುದು ಕಡಿಮೆ ಕೊಡುವವರಿಗೆ ಮಾತ್ರ.

ಅನುವಾದದಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಪದಕ್ಕೆ ಇಷ್ಟು ಎಂದು ಒಪ್ಪಿಕೊಳ್ಳುತ್ತಾರೆ, ಯಾವ ಭಾಷೆಯ ಪದ ಎಂದು ಕೇಳುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಪದಕ್ಕೇ ಅಂಟುತ್ತವೆ. ಹಾಗಾಗಿ ಇಂಗ್ಲಿಷಿನ 1,000 ಪದ ಕನ್ನಡಕ್ಕೆ ಬಂದಾಗ ಪದಗಳ ಎಣಿಕೆ ಸಾಕಷ್ಟು ಇಳಿಯುತ್ತದೆ. ಇಂಗ್ಲಿಷಿನಿಂದ ಅನುವಾದ ಮಾಡುವಾಗ ಮೂಲದ ಪದ ಎಣಿಸಿ ಎಂದು ಮೊದಲೇ ಬರೆಸಿಕೊಳ್ಳಿ.

ಮಶೀನ್ ಅನುವಾದ ಕೊಟ್ಟು "ಸ್ವಲ್ಪ ತಿದ್ದಿದರೆ ಸಾಕು" ಎನ್ನುವವರು ಈಗ ಜಾಸ್ತಿ. ಒಪ್ಪುವ ಮೊದಲು ಅರ್ಧ ಪುಟ ತಿದ್ದಿ ಸಮಯ ನೋಡಿ. ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿದರೆ ಹೊಸ ಅನುವಾದದ ದರವನ್ನೇ ಹೇಳಿ.

ಪತ್ರಿಕೆಗಳ ಗೌರವಧನವನ್ನು ಅವರೇ ನಿಗದಿ ಮಾಡುತ್ತಾರೆ. ಹೆಸರಿಗೆ, ಮಾದರಿಗೆ ಅಲ್ಲಿ ಬರೆಯಿರಿ. ಮನೆ ಬಾಡಿಗೆಯನ್ನು ಅದರ ಮೇಲೆ ನಿಲ್ಲಿಸಬೇಡಿ.

## ಹಂತ 5: ಈಗ ಕೆಲಸ ಕೇಳಿ

ವರ್ಷದ ಪಟ್ಟಿ ಮುಂದಿಟ್ಟುಕೊಳ್ಳಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಬೇಸಿಗೆಯಲ್ಲಿ ಶಾಲಾ ಪ್ರವೇಶದ ಬ್ರೋಷರ್, ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ, ಅದರ ಆಸುಪಾಸಿನಲ್ಲೇ ದೀಪಾವಳಿ ವ್ಯಾಪಾರ. ಪ್ರತಿಯೊಂದಕ್ಕೂ ಒಂದೂವರೆ-ಎರಡು ತಿಂಗಳು ಮೊದಲೇ ಹೋಗಿ. ಪತ್ರಿಕೆಗಳ ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಮುಂಚೆ ಬೇಕು. ಹಬ್ಬದ ಹಿಂದಿನ ವಾರ ಕಳಿಸಿದ ಲೇಖನ ಯಾರೂ ನೋಡುವುದಿಲ್ಲ.

ನಮ್ಮ ಊರುಗಳಲ್ಲಿ ಇ-ಮೇಲಿಗಿಂತ ಮುಖಾಮುಖಿ ಭೇಟಿಯೇ ನಡೆಯುತ್ತದೆ. ವ್ಯಾಪಾರ ಕಡಿಮೆ ಇರುವ ಹೊತ್ತಿಗೆ ಹೋಗಿ, ಮಾಲಕರನ್ನೇ ಕೇಳಿ. ಅವರದೇ ಹ್ಯಾಂಡ್‌ಬಿಲ್‌ನ ಒಂದು ಪ್ಯಾರಾ ತಿದ್ದಿ ಒಯ್ದರೆ ಮಾತು ಸುಲಭ. "ಮೊದಲು ಬರೆದವರು ಸರಿ ಇಲ್ಲ" ಎನ್ನಬೇಡಿ. ಬರೆದವರು ಅವರ ಮಗನೇ ಇರಬಹುದು. ಮರುದಿನ ಹೀಗೊಂದು ಸಂದೇಶ ಸಾಕು:

"ನಮಸ್ಕಾರ ಸರ್. ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ದೆ. ಖಣದ ಬಗ್ಗೆ ಬರೆದ ಒಂದು ಪುಟದ ಮಾದರಿ ಕಳಿಸಿದ್ದೇನೆ. ದೀಪಾವಳಿಗೆ ಹ್ಯಾಂಡ್‌ಬಿಲ್ ಮತ್ತು ಹತ್ತು ವಾಟ್ಸಾಪ್ ಸಂದೇಶ ಬರೆದುಕೊಡಬಲ್ಲೆ. ಕನ್ನಡ, ಮರಾಠಿ ಎರಡರಲ್ಲೂ ಆಗುತ್ತದೆ. ಗುರುವಾರ ಫೋನ್ ಮಾಡಲೇ?"

ಪತ್ರಿಕೆಗೆ ಕಳಿಸುವಾಗ ಒಂದೇ ಲೇಖನವನ್ನು ಒಂದೇ ಹೊತ್ತಿಗೆ ಹಲವರಿಗೆ ಕಳಿಸಬೇಡಿ. ಎರಡು ಕಡೆ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ.

## ಹಂತ 6: ಮಾತನ್ನು ಬರಹಕ್ಕೆ ಇಳಿಸಿ

ದೊಡ್ಡ ಒಪ್ಪಂದ ಪತ್ರ ಬೇಕಿಲ್ಲ. ಒಂದು ಸಂದೇಶ, ಅದಕ್ಕೆ ಅವರಿಂದ "ಒಪ್ಪಿಗೆ" ಎಂಬ ಉತ್ತರ ಸಾಕು. ಏನು ಬರೆಯಬೇಕು, ಎಷ್ಟು ಪದ, ಯಾವ ದಿನ, ಎಷ್ಟು ದುಡ್ಡು, ಅಡ್ವಾನ್ಸ್ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಅದರಲ್ಲಿರಲಿ. ಎರಡು ಸಲದ ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಎಂದು ಬರೆಯದಿದ್ದರೆ ಗಿರಾಕಿಯ ಮನೆಯವರೆಲ್ಲ ತಿದ್ದುತ್ತಾ ಹೋಗುತ್ತಾರೆ.

ಹಕ್ಕಿನ ವಿಷಯ ತಿಳಿದಿರಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ನೌಕರಿಯ ಭಾಗವಾಗಿ ಬರೆಯದಿದ್ದರೆ ಬರಹದ ಮೊದಲ ಹಕ್ಕುದಾರರು ಬರೆದವರೇ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಅದನ್ನು 5 ವರ್ಷ ಎಂದು ಹಿಡಿಯುತ್ತಾರೆ. "ಎಲ್ಲ ಹಕ್ಕುಗಳೂ ಶಾಶ್ವತವಾಗಿ" ಎಂಬ ಸಾಲು ಕಂಡರೆ ಸಹಿ ಹಾಕುವ ಮೊದಲು ಗುಂಪಿಗೆ ತೋರಿಸಿ. ಹ್ಯಾಂಡ್‌ಬಿಲ್‌ಗೆ ಪರವಾಗಿಲ್ಲ. ಕಥೆ, ಅಂಕಣ, ಪುಸ್ತಕಕ್ಕೆ ಬೇಡ.

## ಹಂತ 7: ಕೆಲಸ ಹಂಚಿಕೊಳ್ಳಿ, ನಿಯಮ ಮೊದಲೇ ಮಾಡಿ

ಗುಂಪಿನ ನಿಜವಾದ ಲಾಭ ಕಾಣುವುದು ಇಲ್ಲಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಮುಗಿಸುತ್ತಾರೆ. ಮೂವತ್ತು ಪುಟದ ಕೈಪಿಡಿ ಬಂದರೆ ಮೂವರು ಸೇರಿ ಹತ್ತು ದಿನದಲ್ಲಿ ಕೊಡಬಹುದು. ಆದರೆ ಸ್ನೇಹ ಕೆಡುವುದೂ ಇಲ್ಲೇ. ಆದ್ದರಿಂದ ಮೊದಲ ಕೆಲಸ ಹಂಚುವ ಮೊದಲೇ ಈ ನಾಲ್ಕು ಮಾತು ಬರೆದಿಡಿ.

ಗಿರಾಕಿಯ ಜೊತೆ ಮಾತಾಡುವವರು ಒಬ್ಬರೇ. ತಡವಾದರೂ ತಪ್ಪಾದರೂ ಜವಾಬ್ದಾರಿ ಅವರದು. ಇನ್ನೊಬ್ಬರು ಬರೆಯುತ್ತಿದ್ದಾರೆ ಎಂದು ಗಿರಾಕಿಗೆ ಮುಚ್ಚಿಡಬಾರದು.

ಪಾಲು ಮೊದಲೇ ಗೊತ್ತಿರಬೇಕು. ಬರೆದವರಿಗೆ ದೊಡ್ಡ ಪಾಲು, ತಿದ್ದಿದವರಿಗೆ ಸಣ್ಣ ಪಾಲು, ಕೆಲಸ ತಂದವರಿಗೆ ಅದಕ್ಕಿಂತ ಸಣ್ಣದು. ನನ್ನ ಅಭಿಪ್ರಾಯದಲ್ಲಿ ಕೆಲಸ ತಂದವರ ಪಾಲು ನೂರಕ್ಕೆ ಹತ್ತು ದಾಟಬಾರದು. ದಾಟಿದರೆ ಬರೆಯುವವರು ಕೂಲಿಯವರಾಗುತ್ತಾರೆ, ಗುಂಪು ಉಳಿಯುವುದಿಲ್ಲ.

ಗಿರಾಕಿ ಕೊಡಲಿ ಬಿಡಲಿ, ಜೊತೆಗಾರರ ದುಡ್ಡನ್ನು ಹೇಳಿದ ದಿನ ಕೊಡಬೇಕು. ಹಂಚುವ ಕೆಲಸಕ್ಕೆ ಅರ್ಧ ಅಡ್ವಾನ್ಸ್ ಇಲ್ಲದೆ ಕೈ ಹಾಕಬೇಡಿ ಎನ್ನುವುದು ಇದಕ್ಕೇ.

ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ನೇರವಾಗಿ ಹಿಡಿಯಬಾರದು. ಗಿರಾಕಿಯೇ ಕರೆದರೆ ಮೊದಲು ಜೊತೆಗಾರರಿಗೆ ಹೇಳಿ.

ಜೊತೆಗೆ, ಮೂವರು ಬರೆದದ್ದು ಒಬ್ಬರೇ ಬರೆದಂತೆ ಕಾಣಲು ಒಂದು ಪದಪಟ್ಟಿ ಬೇಕು. ಇಳಕಲ್ಲೋ ಇಲಕಲ್ಲೋ, ತಿಕೋಟಾವೋ ತಿಕೋಟವೋ, ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ, ಓದುಗರಿಗೆ "ನೀವು" ಎನ್ನುವುದೋ ಬೇಡವೋ. ಕೊನೆಯಲ್ಲಿ ಒಬ್ಬರೇ ಮೊದಲಿಂದ ಕೊನೆವರೆಗೆ ಓದಬೇಕು.

## ಹಂತ 8: ಬಿಲ್, ತೆರಿಗೆ, ಬಾಕಿ

ಕೆಲಸ ಕೊಟ್ಟ ದಿನವೇ ಬಿಲ್ ಕಳಿಸಿ. ವೃತ್ತಿಪರ ಶುಲ್ಕ ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ಹಿಡಿದ ದುಡ್ಡು ಕಳೆದುಹೋಯಿತು ಎಂದು ಕೈಬಿಡಬೇಡಿ. ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಗೆ ಜಮೆ ಆಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದ ಮೇಲೆ.

ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ. ಮೊದಲೇ ಮಾಡಿಸಿಡಿ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಕೇಳುವ ಹಕ್ಕಿದೆ, ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಅಷ್ಟು ದೂರ ಹೋಗುವ ಮೊದಲು ಫೋನ್. "ಯಾವಾಗ ಕೊಡ್ತೀರಿ?" ಎಂದರೆ "ನೋಡೋಣ್ರಿ" ಎಂಬ ಉತ್ತರ ಬರುತ್ತದೆ. "ಸರ್, ಬಿಲ್ ನಿಮ್ಮ ಹತ್ತಿರ ಐತ್ರಿ. ಶುಕ್ರವಾರ ಹಾಕ್ತೀರೋ ಸೋಮವಾರ ಹಾಕ್ತೀರೋ?" ಎಂದು ಕೇಳಿ. ಬರೆದವರಿಗೆ ಕೇಳಲು ಮುಜುಗರ ಆದರೆ ಗುಂಪಿನಲ್ಲಿ ಲೆಕ್ಕ ನೋಡುವ ಒಬ್ಬರು ಇರಲಿ, ಅವರೇ ಎಲ್ಲರ ಬಾಕಿಗೂ ಫೋನ್ ಮಾಡಲಿ. ಹಳೆಯ ಬಾಕಿ ತೀರದೆ ಹೊಸ ಕೆಲಸ ಯಾರೂ ತೆಗೆದುಕೊಳ್ಳಬಾರದು.

## ಮೋಸದ ಲಕ್ಷಣಗಳು

ಕೆಲಸ ಕೊಡುವವರು ಮೊದಲು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. "ನೋಂದಣಿ ಶುಲ್ಕ ಕಟ್ಟಿ ಟೈಪಿಂಗ್ ಕೆಲಸ ಪಡೆಯಿರಿ", "ಸಂಕಲನದಲ್ಲಿ ನಿಮ್ಮ ಕವಿತೆ ಹಾಕುತ್ತೇವೆ, ಇಷ್ಟು ಕಳಿಸಿ", "ಪ್ರಶಸ್ತಿಗೆ ಆಯ್ಕೆ ಆಗಿದ್ದೀರಿ, ಖರ್ಚು ನಿಮ್ಮದು" ಎಲ್ಲ ಒಂದೇ ಜಾತಿ. ದುಡ್ಡು ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಿಲ್ಲ. ಪಿನ್ ಹಾಕಿ ಎಂದರೆ ಅದು ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾದರಿಗೆಂದು ಎರಡು ಸಾವಿರ ಪದ ಪುಕ್ಕಟೆ ಬರೆಸುವವರಿಗೆ ನಿಮ್ಮ ತಯಾರಿರುವ ಮಾದರಿ ಕಳಿಸಿ, ಹೊಸದು ಬರೆಯಬೇಡಿ.

## ಗುಂಪು ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಒಬ್ಬರೇ ಯಾವಾಗಲೂ ಕರಡು ಕಳಿಸುತ್ತಾರೆ, ಬೇರೆಯವರದು ಓದುವುದಿಲ್ಲ. ದರದ ಶೀಟಿನಲ್ಲಿ ಎರಡು ತಿಂಗಳಿಂದ ಹೊಸ ಸಾಲು ಇಲ್ಲ. ತಿದ್ದುಪಡಿ ಬಿಟ್ಟು ಬರೀ ಹೊಗಳಿಕೆ ಬರುತ್ತಿದೆ. ಹೆಣ್ಣುಮಕ್ಕಳು ಭೇಟಿಗೆ ಬರುವುದು ಕಡಿಮೆ ಆಗಿದೆ. ಕೊನೆಯದು ಕಂಡರೆ ಮೊದಲು ಭೇಟಿಯ ಹೊತ್ತು, ಜಾಗ ನೋಡಿ. ಸಂಜೆ ಏಳರ ನಂತರ ಊರಾಚೆಯ ಧಾಬಾದಲ್ಲಿ ಕೂತರೆ ಕೊನೆ ಬಸ್ಸು ಹಿಡಿಯಬೇಕಾದವರು ಬರಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ, ಬಸ್ ನಿಲ್ದಾಣಕ್ಕೆ ಹತ್ತಿರ ಇಟ್ಟುಕೊಳ್ಳಿ.

ಯಾರಾದರೂ ಬಿಟ್ಟು ಹೋಗುವುದಾದರೆ ಜಗಳ ಬೇಡ. ಬಾಕಿ ಲೆಕ್ಕ ಒಂದು ವಾರದಲ್ಲಿ ಮುಗಿಸಿ. ಅರ್ಧ ಆದ ಕೆಲಸ ಯಾರು ಮುಗಿಸುತ್ತಾರೆ ಎಂದು ಗಿರಾಕಿಗೆ ಇಬ್ಬರೂ ಸೇರಿ ತಿಳಿಸಿ. ಅವರು ತಂದ ಗಿರಾಕಿಗಳು ಅವರ ಜೊತೆಗೇ ಹೋಗಲಿ. ಖಾಲಿಯಾದ ಜಾಗಕ್ಕೆ ಹೊಸಬರನ್ನು ತರುವಾಗ ಮತ್ತೆ ಅದೇ ಎರಡು ಪುಟದ ಪರೀಕ್ಷೆ, ಎರಡು ಸಲ.